ಸೂಪರ್ ಕಂಪ್ಯೂಟರಿನ ಮೊದಲ ಪಾಠ ಯಾರಿಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆವರಣದಲ್ಲಿ, 2022ರ ಆರಂಭದಲ್ಲಿ 'ಪರಮ್ ಪ್ರವೇಗ' ಎಂಬ ಸೂಪರ್ ಕಂಪ್ಯೂಟರ್ ಕೆಲಸಕ್ಕೆ ನಿಂತಿತು. ಅದರ ವೇಗ 3.3 ಪೆಟಾಫ್ಲಾಪ್ಸ್ ಎಂದು ದಿನಪತ್ರಿಕೆಗಳು ಬರೆದವು. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಸೆಕೆಂಡಿಗೆ ಮೂವತ್ತಮೂರು ಕೋಟಿ ಕೋಟಿ ಲೆಕ್ಕ. ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ ಮೂವತ್ತಮೂರರಿಂದ ಗುಣಿಸಬೇಕು. ವೇಗದ ಸುದ್ದಿಯನ್ನು ಎಲ್ಲರೂ ಬರೆದರು. ಆದರೆ ಆ ಯಂತ್ರದ ಮುಂದೆ ಮೊದಲ ದಿನ ಕುಳಿತುಕೊಳ್ಳುವ ಹುಡುಗ ಹುಡುಗಿಯರಿಗೆ ಏನು ಕಲಿಸುತ್ತಾರೆ, ಯಾವ ಭಾಷೆಯಲ್ಲಿ ಕಲಿಸುತ್ತಾರೆ, ಯಾವ ಊರಿನವರಿಗೆ ಕಲಿಸುತ್ತಾರೆ ಎಂಬುದನ್ನು ಬರೆದವರು ನಮಗೆ ಕಾಣಲಿಲ್ಲ. ಈ ವಾರ ಅದನ್ನೇ ಬರೆಯುತ್ತೇವೆ.

ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಿಗೆ, ಸಂತೆಯಲ್ಲಿ ಬೆಲ್ಲ ತೂಗುವವನಿಗೆ ಇದರಿಂದ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಎಂಬ ಯೋಜನೆಗೆ ಕೇಂದ್ರ ಸರ್ಕಾರ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಏಳು ವರ್ಷಕ್ಕೆ 4,500 ಕೋಟಿ ರೂಪಾಯಿ. ಈ ಹಣ ಯಾವ ಧನಿಕನ ತಿಜೋರಿಯಿಂದಲೂ ಬಂದದ್ದಲ್ಲ. ಬೆಂಕಿಪೆಟ್ಟಿಗೆ ಕೊಂಡವನೂ ಸೋಪು ಕೊಂಡವಳೂ ತೆರಿಗೆ ಕಟ್ಟಿದ್ದಾರೆ. ಹತ್ತಿ ಬಿತ್ತುವ ರೈತನಿಗೆ ಮಳೆಯ ಮುನ್ಸೂಚನೆ ಕೊಡುವ ಲೆಕ್ಕವೂ ಇಂಥ ಯಂತ್ರಗಳಲ್ಲೇ ನಡೆಯುತ್ತದೆ. ಹತ್ತಿಯ ಧಾರಣೆ ಏರಿದರೆ ಗಿರಣಿಯಲ್ಲಿ ಏನಾಗುತ್ತದೆಂದು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ದುಡ್ಡು ನಮ್ಮದು, ಫಲವೂ ನಮಗೆ ತಟ್ಟುವಂಥದು. ಅಂದಮೇಲೆ ಆ ಯಂತ್ರವನ್ನು ನಡೆಸಲು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕಲಿಯುತ್ತಿದ್ದಾರೆ ಎಂದು ಕೇಳುವ ಹಕ್ಕೂ ನಮಗಿದೆ.

ಹಿಂದಿನ ಸಂಗತಿಯನ್ನು ಚುಟುಕಾಗಿ ನೆನೆಯೋಣ. 1980ರ ದಶಕದಲ್ಲಿ ನಮ್ಮ ದೇಶ ಅಮೆರಿಕದ ಕ್ರೇ ಕಂಪನಿಯ ಸೂಪರ್ ಕಂಪ್ಯೂಟರನ್ನು ಇದೇ ವಿಜ್ಞಾನ ಸಂಸ್ಥೆಗೆಂದು ಕೇಳಿತು. ಅಮೆರಿಕ ಸರ್ಕಾರ ದೊಡ್ಡದನ್ನು ಕೊಡಲಿಲ್ಲ. ಮಳೆ ಗಾಳಿಯ ಲೆಕ್ಕಕ್ಕೆ ಮಾತ್ರ ಎಂದು ಷರತ್ತು ಹಾಕಿ ಚಿಕ್ಕದೊಂದನ್ನು ದೆಹಲಿಗೆ ಕೊಟ್ಟಿತು. ಆ ಹೊತ್ತಿಗಾಗಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಸಣ್ಣ ಸಣ್ಣ ಗಣಕಗಳನ್ನು ಜೋಡಿಸಿ 'ಫ್ಲೊಸಾಲ್ವರ್' ಎಂಬ ಯಂತ್ರ ಕಟ್ಟಿದ್ದರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸ್ಥಾಪನೆಯಾಯಿತು. ವಿಜಯ್ ಭಟ್ಕರ್ ಅವರ ಮುಂದಾಳುತನದಲ್ಲಿ 1991ರಲ್ಲಿ 'ಪರಮ್ 8000' ಹೊರಬಂತು. ಒಬ್ಬ ದೈತ್ಯನನ್ನು ಕೊಡುವುದಿಲ್ಲವೆಂದರೆ ನೂರು ಆಳುಗಳನ್ನು ಒಟ್ಟಿಗೆ ದುಡಿಸುತ್ತೇವೆ ಎಂಬುದೇ ಅಂದಿನ ಉಪಾಯ. ಇಂದು ಲೋಕದ ಸೂಪರ್ ಕಂಪ್ಯೂಟರುಗಳೆಲ್ಲವೂ ಆ ದಾರಿಯವೇ.

ಆದ್ದರಿಂದ ಸೂಪರ್ ಕಂಪ್ಯೂಟರ್ ಎಂದರೆ ಬೃಹತ್ತಾದ ಒಂದೇ ಮೆದುಳು ಎಂದು ತಿಳಿಯಬಾರದು. ಅದೊಂದು ಗಿರಣಿ. ಪರಮ್ ಪ್ರವೇಗದಲ್ಲಿ ಆರುನೂರಕ್ಕೂ ಮೀರಿ ಬಿಡಿ ಗಣಕಗಳಿವೆ. ಅವಕ್ಕೆ ನೋಡ್ ಎನ್ನುತ್ತಾರೆ. ಸಾಮಾನ್ಯವಾದ ಒಂದು ನೋಡಿನಲ್ಲಿ 48 ಕೋರುಗಳು, ಅಂದರೆ ಲೆಕ್ಕ ಮಾಡುವ 48 ಕೈಗಳು. ಇವೆಲ್ಲವನ್ನೂ ವೇಗದ ತಂತಿಗಳಿಂದ ಬೆಸೆದಿರುತ್ತಾರೆ. ಕಾವೇರಿದರೆ ತಣಿಸಲು ನೀರಿನ ಕೊಳವೆಗಳನ್ನು ಯಂತ್ರದ ಹೊಟ್ಟೆಯವರೆಗೂ ಎಳೆದಿರುತ್ತಾರೆ. ನೂರಾರು ಜನ ಬೇರೆ ಬೇರೆ ಕಡೆಯಿಂದ ಏಕಕಾಲಕ್ಕೆ ಇದರಲ್ಲಿ ಕೆಲಸ ಮಾಡಿಸುತ್ತಾರೆ. ಆದ್ದರಿಂದಲೇ ಶಿಸ್ತು ಬೇಕು, ಶಿಸ್ತು ಬೇಕಾದ್ದರಿಂದಲೇ ಮೊದಲ ಪಾಠ ಬೇಕು.

ಇಂಥ ಪಾಠಗಳನ್ನು ನಾನಾ ದೇಶದ ಕೇಂದ್ರಗಳು ಎಲ್ಲರೂ ಓದುವಂತೆ ತೆರೆದಿಟ್ಟಿವೆ. ನಾವು ಮೆಟ್ರಿಕ್ ದಾಟಿದವರಲ್ಲ. ಆದರೂ ಸಂಶೋಧನೆ ಮಾಡುತ್ತಿರುವ ಪರಿಚಯದ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಭಾನುವಾರ ಇವನ್ನು ಓದಿದೆವು. ಓದುತ್ತ ಓದುತ್ತ ನಮಗೆ ಆಶ್ಚರ್ಯವಾಯಿತು. ಇದರಲ್ಲಿ ಕಾಲು ಭಾಗ ಮಾತ್ರ ಯಂತ್ರದ ವಿದ್ಯೆ. ಮುಕ್ಕಾಲು ಭಾಗ, ನಾಲ್ಕು ಜನರ ನಡುವೆ ಒಂದು ಸಾಮಾನ್ಯ ಆಸ್ತಿಯನ್ನು ಹೇಗೆ ಬಳಸಬೇಕು ಎಂಬ ವಿವೇಕ.

ಮೊದಲನೆಯ ಗಂಟೆ ಬಾಗಿಲಿನದು. ಹೊಸಬನಿಗೆ ಒಂದು ಹೆಸರು, ಒಂದು ಗುಟ್ಟಿನ ಕೀಲಿ ಕೊಡುತ್ತಾರೆ. ಅವನು ತನ್ನ ಊರಿನಲ್ಲಿ ಕುಳಿತೇ ಆ ಕೀಲಿಯಿಂದ ಒಳಕ್ಕೆ ಹೋಗಬಹುದು. ಕೀಲಿಯನ್ನು ಸ್ನೇಹಿತನಿಗೂ ಕೊಡಬಾರದು. ಒಬ್ಬನ ಹಾಜರಿಯನ್ನು ಇನ್ನೊಬ್ಬ ಹಾಕಿದರೆ ಗಿರಣಿಯಲ್ಲಿ ಏನಾಗುತ್ತದೋ ಇಲ್ಲೂ ಅದೇ. ಇದು ಬರಿಯ ಕಟ್ಟುನಿಟ್ಟಲ್ಲ. 2020ರ ಮೇ ತಿಂಗಳಲ್ಲಿ ಯೂರೋಪಿನ ಹಲವು ಸೂಪರ್ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿದರು. ಬಳಕೆದಾರರಿಂದ ಕದ್ದ ಗುರುತುಗಳೇ ಅವರ ಕೈಯಲ್ಲಿದ್ದ ಕೀಲಿ. ಸ್ಕಾಟ್‌ಲೆಂಡಿನ ಎಡಿನ್‌ಬರೊದಲ್ಲಿದ್ದ 'ಆರ್ಚರ್' ಎಂಬ ಯಂತ್ರದ ಬಾಗಿಲನ್ನು ಮುಚ್ಚಿ, ಎಲ್ಲರ ಗುಪ್ತಪದವನ್ನೂ ಕೀಲಿಯನ್ನೂ ಬದಲಾಯಿಸಬೇಕಾಯಿತು. ಕೆಲವರ ಉದಾಸೀನಕ್ಕೆ ಸಾವಿರಾರು ಜನರ ಕೆಲಸ ನಿಂತಿತು.

ಬಾಗಿಲು ದಾಟಿದ ಕೂಡಲೇ ಹೊಸಬ ನಿಲ್ಲುವುದು ಲಾಗಿನ್ ನೋಡಿನಲ್ಲಿ. ಇದನ್ನು ಅಂಗಡಿಯ ಮುಂಗಟ್ಟೆ ಎನ್ನಿ. ಗಿರಾಕಿಗಳೆಲ್ಲ ನಿಲ್ಲುವುದು ಇಲ್ಲೇ, ಚೀಟಿ ಬರೆದುಕೊಡುವುದೂ ಇಲ್ಲೇ. ಸರಕು ತಯಾರಾಗುವುದು ಒಳಗಡೆ. ಆದರೆ ತಿಳಿಯದ ಹೊಸಬ ತನ್ನ ಭಾರಿ ಲೆಕ್ಕವನ್ನು ಇಲ್ಲಿಯೇ ಶುರುಮಾಡಿಬಿಡುತ್ತಾನೆ. ಕಟ್ಟೆಯ ಮೇಲೆಯೇ ಮೂಟೆ ಬಿಚ್ಚಿ ಕಾಳು ಕೇರಲು ಕುಳಿತಂತೆ. ಹಿಂದೆ ನಿಂತವರಿಗೆಲ್ಲ ಅಡಚಣೆ. ಆದ್ದರಿಂದ ಪ್ರತಿಯೊಂದು ಕೇಂದ್ರದ ಪಾಠದಲ್ಲೂ ಮೊಟ್ಟಮೊದಲ ಎಚ್ಚರಿಕೆ ಇದೇ.

ಚೀಟಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹೊಸಬನು ತನಗೆ ಎಷ್ಟು ನೋಡುಗಳು ಬೇಕು, ಎಷ್ಟು ಹೊತ್ತು ಬೇಕು, ಯಾವ ಕೆಲಸ ಎಂದು ಬರೆದುಕೊಡುತ್ತಾನೆ. ಆ ಚೀಟಿ ಸರದಿಯಲ್ಲಿ ನಿಲ್ಲುತ್ತದೆ. ಸರದಿಯನ್ನು ನಡೆಸುವ ಮೇಸ್ತ್ರಿ ಮನುಷ್ಯನಲ್ಲ, ಒಂದು ತಂತ್ರಾಂಶ. ಸ್ಲರ್ಮ್ ಎಂಬುದು ಬಹು ಕಡೆ ಬಳಕೆಯಲ್ಲಿರುವ ಮೇಸ್ತ್ರಿ. ಈ ಮೇಸ್ತ್ರಿಗೆ ಲಂಚ ಕೊಡಲಾಗುವುದಿಲ್ಲ ಎಂಬುದು ನಮಗೆ ಹಿಡಿಸಿದ ಮಾತು. ಆದರೆ ನಿಯಮ ಬರೆದವನು ಮನುಷ್ಯನೇ ಎಂಬುದನ್ನು ಮರೆಯಬಾರದು. ಯಾರಿಗೆ ಎಷ್ಟು ಪಾಲು ಎಂದು ಕೂತು ತೀರ್ಮಾನಿಸುವ ಸಮಿತಿ ಇದ್ದೇ ಇರುತ್ತದೆ.

ಸರದಿಯಲ್ಲಿ ಎರಡು ಸ್ವಾರಸ್ಯದ ನಿಯಮಗಳಿವೆ. ಒಂದು, ಹಿಂದಿನ ದಿನಗಳಲ್ಲಿ ಹೆಚ್ಚು ಬಳಸಿದವನ ಚೀಟಿ ಹಿಂದಕ್ಕೆ ಸರಿಯುತ್ತದೆ, ಕಡಿಮೆ ಬಳಸಿದವನದು ಮುಂದಕ್ಕೆ ಬರುತ್ತದೆ. ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲಿಯೂ ಇಂಥ ಮೇಸ್ತ್ರಿ ಇದ್ದಿದ್ದರೆ ಎನಿಸಿತು. ಇನ್ನೊಂದು, ದೊಡ್ಡ ಕೆಲಸವೊಂದಕ್ಕೆ ನೂರು ನೋಡುಗಳು ಖಾಲಿಯಾಗುವವರೆಗೆ ಕಾಯಬೇಕಾದಾಗ, ಆಗಲೇ ಖಾಲಿಯಾದ ಹತ್ತಾರು ನೋಡುಗಳನ್ನು ಸುಮ್ಮನೆ ಬಿಡುವುದಿಲ್ಲ. ಆ ಸಂದಿಯಲ್ಲಿ ಮುಗಿದುಹೋಗುವ ಸಣ್ಣ ಕೆಲಸವಿದ್ದರೆ ಅದನ್ನು ನಡುವೆ ತೂರಿಸುತ್ತಾರೆ. ಆದ್ದರಿಂದ ತನ್ನ ಕೆಲಸಕ್ಕೆ ಆರು ಗಂಟೆ ಸಾಕೆಂದು ಪ್ರಾಮಾಣಿಕವಾಗಿ ಬರೆದವನಿಗೆ ಬೇಗ ಸರದಿ ಬರುತ್ತದೆ. ಇರಲಿ ಎಂದು ಎಪ್ಪತ್ತೆರಡು ಗಂಟೆ ಬರೆದವನು ಕಾಯುತ್ತ ಕೂರುತ್ತಾನೆ. ಹಾಗೆಂದು ಆರು ಗಂಟೆಯ ಕೆಲಸಕ್ಕೆ ಐದು ಎಂದು ಬರೆದರೆ, ಐದನೆಯ ಗಂಟೆ ಹೊಡೆದೊಡನೆ ಮೇಸ್ತ್ರಿ ಕೆಲಸವನ್ನು ಕಿತ್ತು ಹಾಕುತ್ತಾನೆ. ನಡುನಡುವೆ ಫಲಿತಾಂಶ ಬರೆದಿಟ್ಟುಕೊಳ್ಳದಿದ್ದರೆ ಐದು ಗಂಟೆಯ ದುಡಿತವೂ ನೀರುಪಾಲು.

ಮುಂದಿನದು ಆಳುಗಳ ಲೆಕ್ಕ. ವ್ಯಾಪಾರಸ್ಥ ಮಿತ್ರರು ಇದನ್ನು ಗಮನಿಸಬೇಕು. ಒಂದು ಕೋರಿನಲ್ಲಿ 100 ಗಂಟೆ ಹಿಡಿಯುವ ಕೆಲಸವಿದೆ ಎನ್ನೋಣ. ಅದರಲ್ಲಿ ಹತ್ತನೆಯ ಒಂದು ಭಾಗ ಹಂಚಿಕೊಂಡು ಮಾಡಲು ಬಾರದ್ದು, ಒಬ್ಬನೇ ಮಾಡಬೇಕಾದ್ದು. 48 ಕೋರುಗಳನ್ನು ಹಾಕಿದರೆ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ ಎಂದು ಹೊಸಬ ಭಾವಿಸುತ್ತಾನೆ. ಮುಗಿಯುವುದಿಲ್ಲ. ಒಬ್ಬನೇ ಮಾಡಬೇಕಾದ ಹತ್ತು ಗಂಟೆ ಹಾಗೆಯೇ ಉಳಿಯುತ್ತದೆ. ಉಳಿದ ತೊಂಬತ್ತನ್ನು 48 ಕೈಗಳು ಹಂಚಿಕೊಂಡರೂ ಒಟ್ಟು ಹನ್ನೆರಡು ಗಂಟೆ ಹತ್ತಿರ ಹಿಡಿಯುತ್ತದೆ. ಸರಿ, 480 ಕೋರುಗಳನ್ನು ಹಾಕೋಣ ಎಂದು ಆತುರಪಟ್ಟರೆ? ಹತ್ತು ಗಂಟೆ ಹನ್ನೊಂದು ನಿಮಿಷ. ಎರಡು ಗಂಟೆಗೂ ಕಡಿಮೆ ಉಳಿತಾಯ. ಖರ್ಚನ್ನು ನೋಡಿ. ಮೊದಲ ಲೆಕ್ಕದಲ್ಲಿ ಬಳಸಿದ್ದು 570 ಕೋರು-ಗಂಟೆ, ಎರಡನೆಯದರಲ್ಲಿ 4,890. ಉಳಿದ ನಾಲ್ಕು ಸಾವಿರ ಚಿಲ್ಲರೆ ಗಂಟೆಗಳು ಇನ್ನೊಬ್ಬ ಹುಡುಗಿಯ ಔಷಧಿ ಸಂಶೋಧನೆಗೋ ನೆರೆಯ ಮುನ್ಸೂಚನೆಗೋ ಸಿಗಬೇಕಾಗಿದ್ದವು. ಅವು ಕೈಕಟ್ಟಿ ನಿಂತು ವಿದ್ಯುತ್ತನ್ನು ಕುಡಿದವು. ಜೀನ್ ಆಮ್ಡಾಲ್ ಎಂಬ ಅಮೆರಿಕದ ಎಂಜಿನಿಯರು 1967ರಲ್ಲಿಯೇ ಈ ಮಿತಿಯನ್ನು ತೋರಿಸಿಕೊಟ್ಟಿದ್ದಾರೆ. ಹತ್ತಿ ಬಿಡಿಸುವ ಕೋಣೆಯಲ್ಲಿ ಒಂದೇ ಯಂತ್ರವಿದ್ದು ನೂಲುವ ಖಾತೆಯಲ್ಲಿ ನೂರು ಜನ ನಿಂತರೆ ಏನಾಗುತ್ತದೆಂದು ತಿಳಿದ ನಮ್ಮ ಗಿರಣಿ ಬಂಧುಗಳಿಗೆ ಆಮ್ಡಾಲರ ಮಾತು ಹೊಸದಲ್ಲ.

ಇನ್ನೊಂದು ಪಾಠ ಉಗ್ರಾಣದ್ದು. ಬಳಕೆದಾರನಿಗೆ ಮನೆ ಎಂಬ ಸಣ್ಣ ಜಾಗವಿರುತ್ತದೆ. ಸ್ಕ್ರ್ಯಾಚ್ ಎಂಬ ದೊಡ್ಡ ಅಂಗಳವೂ ಇರುತ್ತದೆ. ಅಂಗಳದಲ್ಲಿ ಎಷ್ಟು ಬೇಕಾದರೂ ಹರಡಿಕೊಳ್ಳಬಹುದು, ಆದರೆ ಗೊತ್ತಾದ ದಿನಗಳ ಮೇಲೆ ಗುಡಿಸಿ ಹಾಕುತ್ತಾರೆ. ನಕಲು ಇಟ್ಟಿರುವುದಿಲ್ಲ. ಇದನ್ನು ಮೊದಲ ದಿನವೇ ಯಾರೂ ಹೇಳದಿದ್ದರೆ ವರ್ಷದ ಕೆಲಸ ಒಂದು ರಾತ್ರಿಯಲ್ಲಿ ಹೋಗುತ್ತದೆ.

ಇಷ್ಟೇ ಮೊದಲ ಪಾಠ. ಎರಡು ಮೂರು ದಿನದ ಮಾತು. ಒಂದಷ್ಟು ಆಜ್ಞೆಗಳನ್ನು ಬಾಯಿಪಾಠ ಮಾಡಬೇಕು. ಲಿನಕ್ಸ್ ಎಂಬ ವ್ಯವಸ್ಥೆಯ ಪರಿಚಯವಾಗಬೇಕು. ಲೋಕದ ಅತಿ ವೇಗದ ಐನೂರು ಯಂತ್ರಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಐನೂರಕ್ಕೆ ಐನೂರೂ ಲಿನಕ್ಸಿನವೇ. ಈ ಲಿನಕ್ಸ್ ಯಾರೊಬ್ಬನ ಖಾಸಗಿ ಸೊತ್ತೂ ಅಲ್ಲ, ಸಾವಿರಾರು ಕೈಗಳು ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹಳೆಯದೊಂದು ಗಣಕವಿದ್ದರೆ ನಮ್ಮೂರ ಹೈಸ್ಕೂಲಿನ ಹುಡುಗನೂ ಇದನ್ನು ದುಡ್ಡು ಕೊಡದೆ ಅಭ್ಯಾಸ ಮಾಡಬಹುದು.

ಪಾಠ ಇಷ್ಟು ಸಣ್ಣದಾಗಿದ್ದರೆ ಅದು ಯಾರಿಗೆ ತಲುಪುತ್ತಿದೆ? 2025ರಲ್ಲಿ ಸರ್ಕಾರ ಕೊಟ್ಟ ಹೇಳಿಕೆಯನ್ನೇ ನೋಡೋಣ. ಮಿಷನ್ನಿನ ಅಡಿ 34 ಯಂತ್ರಗಳು ನಿಂತಿವೆ, ಒಟ್ಟು ವೇಗ 35 ಪೆಟಾಫ್ಲಾಪ್ಸ್, 22,000ಕ್ಕೂ ಹೆಚ್ಚು ಜನಕ್ಕೆ ತರಬೇತಿ ಕೊಡಲಾಗಿದೆ, 200ಕ್ಕೂ ಹೆಚ್ಚು ಸಂಸ್ಥೆಗಳ ಸಂಶೋಧಕರು ಬಳಸಿದ್ದಾರೆ. ಇದನ್ನು ನಾವು ಕಡೆಗಣಿಸುವುದಿಲ್ಲ. ಮಾಡಿದ ಕೆಲಸ ಮಾಡಿದ್ದೇ. ಆದರೆ ಈ ದೇಶದಲ್ಲಿ ಕಾಲೇಜುಗಳು ನಲವತ್ತು ಸಾವಿರಕ್ಕೂ ಮೀರಿ ಇವೆ. ಇನ್ನೂರು ಎಲ್ಲಿ, ನಲವತ್ತು ಸಾವಿರ ಎಲ್ಲಿ? ತರಬೇತಿಯ ಮುಖ್ಯ ಕೇಂದ್ರಗಳೆಂದು ಆರಿಸಿದ್ದು ಖರಗ್‌ಪುರ, ಮದ್ರಾಸ್, ಗೋವಾ, ಪಾಲಕ್ಕಾಡಿನ ಐ.ಐ.ಟಿ.ಗಳನ್ನು. ಕರ್ನಾಟಕದಲ್ಲಿ ವಿಜ್ಞಾನ ಸಂಸ್ಥೆ ಇದೆ, ಸಿ-ಡ್ಯಾಕ್‌ನ ಕೇಂದ್ರವಿದೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ 'ಪರಮ್ ಯುಕ್ತಿ' ಇದೆ. ಎಲ್ಲವೂ ಬೆಂಗಳೂರೇ. ರಾಯಚೂರಿನ, ಹಾವೇರಿಯ, ಚಾಮರಾಜನಗರದ ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಹುಡುಗಿಗೆ ಇಂಥದೊಂದು ಯಂತ್ರ ತನ್ನದೂ ಹೌದು ಎಂದು ಹೇಳಿದವರು ಯಾರು?

ಪ್ರಶ್ನೆ ದೂರದ್ದಲ್ಲ ಎಂದು ಯಾರಾದರೂ ಹೇಳಬಹುದು, ಊರಿನಲ್ಲಿ ಕುಳಿತೇ ಒಳಹೋಗಬಹುದಲ್ಲ ಎನ್ನಬಹುದು. ನಿಜ, ತಂತಿ ಬೆಂಗಳೂರಿನಿಂದ ಹಳ್ಳಿಯವರೆಗೂ ಬಂದಿದೆ. ಬಾರದಿರುವುದು ಪಾಠ. ನಾವು ಓದಿದ ಪಾಠಗಳಲ್ಲಿ ಒಂದೂ ಕನ್ನಡದಲ್ಲಿರಲಿಲ್ಲ. ಎಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಾವು ಕಂಡದ್ದು ಇದು. ಹೊಸ ವಿಷಯ ಮತ್ತು ಪರಭಾಷೆ ಎರಡೂ ಒಂದೇ ದಿನ ಮಗುವಿನ ತಲೆಯ ಮೇಲೆ ಬಿದ್ದರೆ, ಮಗು ವಿಷಯ ಕಷ್ಟವೆಂದು ತಿಳಿಯುತ್ತದೆ. ಭಾಷೆ ಕಷ್ಟವಾಯಿತೆಂದು ಅದಕ್ಕೆ ಹೊಳೆಯುವುದೇ ಇಲ್ಲ. ನನ್ನ ತಲೆಗೆ ಇದು ಹತ್ತುವುದಲ್ಲ ಎಂದು ಹಿಂದಿನ ಬೆಂಚಿಗೆ ಹೋಗಿ ಕೂರುತ್ತದೆ. ಹಾಗೆ ಹಿಂದೆ ಸರಿದವರಲ್ಲಿ ನೂಲಿನವರ, ಕೂಲಿಯವರ, ಕಿರಾಣಿಯವರ ಮಕ್ಕಳೇ ಹೆಚ್ಚು.

ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿರುವಾಗ ಪಾಠವನ್ನು ಕನ್ನಡದಲ್ಲಿ ಹೇಗೆ ಮಾಡುತ್ತೀರಿ ಎಂದು ಒಬ್ಬ ಪ್ರಾಧ್ಯಾಪಕರು ನಮ್ಮನ್ನು ಕೇಳಿದರು. ಬಾಬಿನ್, ಸ್ಪಿಂಡಲ್, ಬೆಲ್ಟು ಇವು ಯಾವ ಭಾಷೆ? ಗಿರಣಿಗೆ ಹೊಸದಾಗಿ ಬಂದ ಹುಡುಗನಿಗೆ ಹಳೆಯ ಕೆಲಸಗಾರ ಇವುಗಳ ಹೆಸರನ್ನು ಹಾಗೆಯೇ ಇಟ್ಟುಕೊಂಡು, ಎಳೆ ಕಡಿದರೆ ಹೇಗೆ ಜೋಡಿಸಬೇಕೆಂದು ತನ್ನ ಮಾತಿನಲ್ಲಿ ತೋರಿಸಿಕೊಡುವುದಿಲ್ಲವೇ? ಆಜ್ಞೆ ಹೇಗಿದೆಯೋ ಹಾಗೇ ಇರಲಿ. ಅದು ಏಕೆ, ಏನು, ತಪ್ಪಿದರೆ ಏನಾಗುತ್ತದೆ ಎಂಬ ವಿವರಣೆ ಕನ್ನಡದಲ್ಲಿರಲಿ. ಪ್ರಾಧ್ಯಾಪಕರು ಇದಕ್ಕೆ ಉತ್ತರ ಹೇಳದೆ ಹೊತ್ತಾಯಿತೆಂದು ಎದ್ದರು. ಅವರು ಒಳ್ಳೆಯವರೇ, ಮತ್ತೆ ಸಿಗುತ್ತಾರೆ.

ಕನ್ನಡದ ಪಾಠ ಬರೆಯಲು ಸರ್ಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ. 'ಎಚ್‌ಪಿಸಿ ಕಾರ್ಪೆಂಟ್ರಿ' ಎಂಬ ಸ್ವಯಂಸೇವಕರ ಗುಂಪು ಸೂಪರ್ ಕಂಪ್ಯೂಟರಿನ ಆರಂಭದ ಪಾಠಗಳನ್ನು ಬರೆದು, ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಬದಲಿಸಿ ಬಳಸಿಕೊಳ್ಳಿ ಎಂದು ಬಿಟ್ಟಿದೆ. ಇದರ ಸೋದರ ಸಂಘಟನೆಯ ಪಾಠಗಳು ಸ್ಪ್ಯಾನಿಷ್ ಭಾಷೆಗೆ ಆಗಲೇ ಹೋಗಿವೆ. ಕನ್ನಡಕ್ಕೆ ಬರಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಬೇಕಾದ್ದು ಬರೆಯುವ ನಾಲ್ಕು ಜನ, ಅವರಿಗೆ ಎರಡು ತಿಂಗಳ ಬಿಡುವು.

ಬ್ರಿಟನ್ನಿನವರಿಂದ ಕಲಿಯಬಹುದಾದ ಒಂದು ಕ್ರಮವೂ ಇದೆ. ಆರ್ಚರ್ ಯಂತ್ರವಿದ್ದ ಕಾಲದಲ್ಲಿ, ಅಂದರೆ 2013ರಿಂದ 2021ರೊಳಗೆ, ಅವರು ಒಂದು 'ಡ್ರೈವಿಂಗ್ ಟೆಸ್ಟ್' ಆರಂಭಿಸಿದರು. ಪಾಠವನ್ನು ತಾನೇ ಓದಿಕೊಂಡು, ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿ ತೇರ್ಗಡೆಯಾದವನಿಗೆ ಯಂತ್ರದಲ್ಲಿ ಅಭ್ಯಾಸಕ್ಕೆಂದು ಒಂದಿಷ್ಟು ಹೊತ್ತನ್ನು ಉಚಿತವಾಗಿ ಕೊಡುತ್ತಿದ್ದರು. ದೊಡ್ಡ ಸಂಶೋಧನೆಯ ಯೋಜನೆ ಬರೆದು ಮಂಜೂರು ಮಾಡಿಸಿಕೊಂಡು ಬರಬೇಕಾಗಿರಲಿಲ್ಲ. ಲಾರಿ ಓಡಿಸಲು ಲೈಸೆನ್ಸ್ ಕೊಡುವಾಗ, ನಿನ್ನ ಅಪ್ಪನ ಬಳಿ ಲಾರಿ ಇದೆಯೇ ಎಂದು ಕೇಳುವುದುಂಟೆ? ಪರಮ್ ಪ್ರವೇಗದ ಹೊತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನು ಇಂಥ ಕಲಿಯುವವರಿಗೆಂದು ಎತ್ತಿಟ್ಟರೆ ರಾಜ್ಯದ ಎಷ್ಟೋ ಕಾಲೇಜುಗಳ ಮೊದಲ ಅಭ್ಯಾಸಕ್ಕೆ ಸಾಕು.

ಯಂತ್ರಕ್ಕೆ ಆಗಲೇ ಉದ್ದನೆಯ ಸರದಿಯಿದೆ, ಹೊಸಬರನ್ನು ತುಂಬಿದರೆ ಹಳಬರ ಸಂಶೋಧನೆ ಹಾಳಾಗುತ್ತದೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಮೇಲೆ ಬರೆದ 4,320 ಗಂಟೆಗಳ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಪಾಠ ಸರಿಯಾಗಿ ಆಗದ ಒಬ್ಬ ಹಳಬ ಒಂದು ರಾತ್ರಿಯಲ್ಲಿ ಪೋಲು ಮಾಡಿದ ಹೊತ್ತಿನಲ್ಲಿ ನೂರು ಹೊಸಬರು ತಲಾ ನಲವತ್ತು ಕೋರು-ಗಂಟೆ ಕಲಿಯಬಹುದಾಗಿತ್ತು.

ಕಲಿಸುವವರ ಬಗ್ಗೆಯೂ ಎರಡು ಮಾತು. ತಾಲ್ಲೂಕು ಆಸ್ಪತ್ರೆಗೆ ಯಂತ್ರ ಬಂದು, ನಡೆಸುವವನಿಲ್ಲದೆ ಪೆಟ್ಟಿಗೆಯಲ್ಲೇ ಕುಳಿತ ಕಥೆ ನಮ್ಮ ಓದುಗರಿಗೆ ಗೊತ್ತು. ಸೂಪರ್ ಕಂಪ್ಯೂಟರಿನ ಬಳಿ ಹಗಲಿರುಳು ಇರಬೇಕಾದವರು, ಹೊಸಬರ ಸಾವಿರ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸಬೇಕಾದವರು ಎಂಜಿನಿಯರುಗಳು. ಅವರನ್ನು ವರ್ಷ ವರ್ಷದ ಗುತ್ತಿಗೆಯ ಮೇಲೆ ಇಟ್ಟುಕೊಂಡರೆ, ಕಲಿತವರು ಬೆಂಗಳೂರಿನ ಖಾಸಗಿ ಕಂಪನಿಗಳಿಗೆ ಹೋಗುವುದನ್ನು ತಡೆಯಲಾಗದು. ಯಂತ್ರಕ್ಕೆ ಕೋಟಿಗಟ್ಟಲೆ ಇರುವವರಿಗೆ ಮೇಷ್ಟರ ಸಂಬಳಕ್ಕೆ ಮಾತ್ರ ಕೈ ಬಿಗಿಯಾಗುವುದು ಹೊಸ ರೋಗವೇನಲ್ಲ.

ನಾವು ಕೇಳುವುದು ಇಷ್ಟು. ಪ್ರತಿ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ವರ್ಷಕ್ಕೆ ಎರಡು ಸಲ, ಮೂರು ದಿನದ ಮೊದಲ ಪಾಠ ಕನ್ನಡದಲ್ಲಿ ನಡೆಯಲಿ. ಪಾಠ ಮುಗಿಸಿದವರಿಗೆ ಯಂತ್ರದಲ್ಲಿ ಅಭ್ಯಾಸದ ಖಾತೆ ಸಿಗಲಿ. ಯಾವ ಜಿಲ್ಲೆಯ ಯಾವ ಕಾಲೇಜಿನವರು ಎಷ್ಟು ಗಂಟೆ ಬಳಸಿದರು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. ಈ ಮೂರು ಬೇಡಿಕೆಗಳ ಅರ್ಜಿಯನ್ನು ರಾಜ್ಯದ ಉನ್ನತ ಶಿಕ್ಷಣ ಸಚಿವರಿಗೂ ಮಿಷನ್ನಿನ ಅಧಿಕಾರಿಗಳಿಗೂ ಕಳಿಸಲು ತಯಾರು ಮಾಡಿದ್ದೇವೆ. ಸಹಿ ಹಾಕುವವರು ಸಂಜೆ ಆರರಿಂದ ಎಂಟರವರೆಗೆ ನಮ್ಮ ಕಚೇರಿಗೆ ಬರಬಹುದು. ರಾತ್ರಿ ಪಾಳಿಯವರಿಗಾಗಿ ಭಾನುವಾರ ಬೆಳಿಗ್ಗೆಯೂ ಬಾಗಿಲು ತೆರೆದಿರುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಕರೆದುಕೊಂಡು ಬನ್ನಿ, ನಾವು ಓದಿದ ಪಾಠಗಳ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇವೆ, ನಕಲು ಮಾಡಿಕೊಂಡು ಹೋಗಲಿ.